ನೀರಿನ ದಾರಿಯೂ ನೆಲದ ಪರೀಕ್ಷೆಯೂ: ದಖ್ಖನಿನ ಕೆಲವು ಸಾಕ್ಷ್ಯಗಳು

ಹಳ್ಳಿಗಳಿಗೆ ಕುಡಿಯುವ ನೀರನ್ನು ಕೊಳವೆಯ ಮೂಲಕ ಒಯ್ಯುವ ಯೋಜನೆಯೊಂದು ಮಂಜೂರಾದೊಡನೆ ಮೊದಲು ನಡೆಯತಕ್ಕ ಕೆಲಸ ಒಂದಿದೆ. ಕೊಳವೆ ಹಾಯುವ ದಾರಿಯುದ್ದಕ್ಕೂ ಅಲ್ಲಲ್ಲಿ ಗುಂಡಿ ತೋಡಿ, ಮೇಲಿನ ಮಣ್ಣು ಯಾವ ಜಾತಿಯದು, ಗರಸು ಎಷ್ಟು ಆಳಕ್ಕೆ ಸಿಕ್ಕಿತು, ಬಂಡೆ ಎಲ್ಲಿ ತಲೆಯೆತ್ತಿತು, ಒಸರು ನೀರು ಎಲ್ಲಿ ಕಂಡಿತು ಎಂಬುದನ್ನು ಸ್ಥಳದಲ್ಲಿಯೇ ನಿಂತು ಬರೆದಿಡುವುದೇ ಆ ಕೆಲಸ. ನಮ್ಮ ಇಂಜಿನಿಯರುಗಳು ಇದನ್ನು ಜಿಯೊಟೆಕ್ನಿಕಲ್ ಪರಿಶೋಧನೆ ಎಂದು ಕರೆಯುತ್ತಾರೆ. ನಾವು ಸುಲಭವಾಗಿ ನೆಲದ ಪರೀಕ್ಷೆ ಎನ್ನಬಹುದು. ಇದು ತೀರ ಈಚಿನ ಶಾಸ್ತ್ರವೆಂಬ ಭಾವನೆ ಸಾಮಾನ್ಯವಾಗಿ ಇದೆ. 1925ರಲ್ಲಿ ಕಾರ್ಲ್ ಟರ್ಜಾಗಿಯ ಜರ್ಮನ್ ಗ್ರಂಥ ಹೊರಬಂದ ಮೇಲೆಯೇ ಮಣ್ಣನ್ನು ಕುರಿತ ಲೆಕ್ಕಾಚಾರಕ್ಕೆ ಶಾಸ್ತ್ರದ ಪದವಿ ದೊರೆಯಿತೆಂಬುದು ನಿಜ. ಆದರೆ ಲೆಕ್ಕಾಚಾರಕ್ಕೆ ಮುಂಚೆ ನೋಟವಿತ್ತು. ದಖ್ಖನಿನಲ್ಲಿ ನೀರಿನ ದಾರಿಗಳನ್ನು ತೆರೆದವರು ನೆಲವನ್ನು ಹೇಗೆ ನೋಡಿದರು, ಆ ನೋಟದ ಗುರುತುಗಳು ಇಂದಿಗೂ ಎಲ್ಲಿ ಉಳಿದಿವೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನೀರನ್ನು ತಂದ ಅರಸರ ಹೆಸರುಗಳು ಶಾಸನಗಳಲ್ಲಿಯೂ ತವಾರೀಖುಗಳಲ್ಲಿಯೂ ಬೇಕಾದಷ್ಟಿವೆ. ನೆಲವನ್ನು ಓದಿದವರ ಹೆಸರು ಒಂದೂ ಇಲ್ಲವೆಂದೇ ಹೇಳಬಹುದು. ಇರುವುದೆಂದು ಹೇಳಲಾಗುವ ಒಂದು ಹೆಸರೂ ಸಂಶಯಾಸ್ಪದ. ಅದನ್ನು ಮುಂದೆ ನೋಡೋಣ.

ಈ ವಿಷಯಕ್ಕೆ ನಮ್ಮಲ್ಲಿ ದೊರೆಯುವ ಹಳೆಯ ಆಧಾರಗಳಲ್ಲಿ ಮುಖ್ಯವಾದುದು 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿರುವ ದಕಾರ್ಗಲವೆಂಬ ಅಧ್ಯಾಯ. ಇಂಥ ಮರದಿಂದ ಇಷ್ಟು ಮೊಳ ಇಂಥ ದಿಕ್ಕಿಗೆ ತೋಡಿದರೆ ಇಷ್ಟು ಪುರುಷ ಪ್ರಮಾಣದಲ್ಲಿ ನೀರು ಎಂಬ ರೀತಿಯ ವಿಧಿಗಳು ಅಲ್ಲಿವೆ. ಪುರುಷವೆಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರ. ಅಧ್ಯಾಯವನ್ನು ಓದಿದವರು ಸಾಮಾನ್ಯವಾಗಿ ಮರಗಳ ಮಾತನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನನ್ನ ದೃಷ್ಟಿಗೆ ಅದಕ್ಕಿಂತ ಮಹತ್ವದ್ದು ಬೇರೊಂದಿದೆ. ನೀರಿಲ್ಲದ ಸೀಮೆಯಲ್ಲಿ ಬೆತ್ತದ ಗಿಡ ಕಂಡರೆ ಅದರ ಪಶ್ಚಿಮಕ್ಕೆ ತೋಡಬೇಕೆಂದು ಹೇಳಿ ಗ್ರಂಥಕಾರನು ಅಲ್ಲಿಗೇ ನಿಲ್ಲುವುದಿಲ್ಲ: ಅರ್ಧ ಪುರುಷಕ್ಕೆ ಬಿಳಿಚಿದ ಕಪ್ಪೆ, ಆಮೇಲೆ ಹಳದಿ ಮಣ್ಣು, ಅದರ ಕೆಳಗೆ ಪದರ ಪದರವಾಗಿ ಒಡೆಯುವ ಕಲ್ಲು, ಕಲ್ಲಿನಡಿ ನೀರು ಎಂದು ಕ್ರಮವಾಗಿ ಹೇಳುತ್ತಾನೆ. ತೋಡುವವನು ತಾನು ಸರಿಯಾದ ದಾರಿಯಲ್ಲಿದ್ದೇನೆಯೇ ಎಂಬುದನ್ನು ಆಳ ಆಳಕ್ಕೆ ಪರೀಕ್ಷಿಸಿಕೊಳ್ಳಲು ಇದು ಕೈಪಿಡಿ. ಇಂದು ಬೋರು ಕೊರೆಯುವಾಗ ಇಷ್ಟು ಮೀಟರಿನಿಂದ ಇಷ್ಟು ಮೀಟರಿನವರೆಗೆ ಇಂಥ ಮಣ್ಣು ಎಂದು ಬರೆಯುವ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಅಳತೆಯ ಸೂಕ್ಷ್ಮತೆಯಲ್ಲಿದೆಯೇ ಹೊರತು ಕ್ರಮದಲ್ಲಿಲ್ಲ. ಕಪ್ಪೆಯ ಮಾತನ್ನು ಓದಿ ನಗುವುದು ಸುಲಭ. ಬೇಸಿಗೆಯಲ್ಲಿ ತೇವ ಉಳಿದ ಮಣ್ಣನ್ನು ಹುಡುಕಿಕೊಂಡು ಹೋಗಿ ಅಡಗುವ ಕಪ್ಪೆಗಳು ನಮ್ಮ ದೇಶದಲ್ಲಿ ಉಂಟೆಂಬುದನ್ನು ಬಲ್ಲವರು ನಗಲಾರರು.

ಎರಡನೆಯ ಆಧಾರ ಕಲ್ಲಿನ ಮೇಲಿನದು. ಕಡಪಾ ಜಿಲ್ಲೆಯ ಪೋರುಮಾಮಿಳ್ಳ ಎಂಬಲ್ಲಿ ಶಕ 1291ರ, ಎಂದರೆ ಕ್ರಿ. ಶ. 1369ರ, ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತುದು ಅದು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಅದು ದಾಖಲಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆಡಿಸುವ ಆರು ದೋಷಗಳನ್ನೂ ಎಣಿಸುತ್ತದೆ. ಜಲಶಾಸ್ತ್ರ ಬಲ್ಲ ಪಂಡಿತನೂ ಗಟ್ಟಿ ನೆಲವೂ ಅಂಗಗಳಲ್ಲಿ ಸೇರಿವೆ. ಚವುಳು ಮಣ್ಣು, ಕಟ್ಟೆಯಲ್ಲಿ ನೀರು ಒಸರುವುದು ಇವು ದೋಷಗಳಲ್ಲಿ ಸೇರಿವೆ. ಅಂಗಗಳ ಪಟ್ಟಿಯಲ್ಲಿ ಮೊದಲನೆಯವನು ಅರಸ, ಎರಡನೆಯವನು ಪಂಡಿತ. ಕೆಲಸ ಬಲ್ಲ ಆಳುಗಳ ತಂಡ ಬರುವುದು ಹನ್ನೆರಡನೆಯದಾಗಿ. ಕೆರೆಯ ಮಾತು ಕೊಳವೆಯ ಮಾತಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಕೆರೆ ಒಂದು ಸ್ಥಳದ ನೆಲವನ್ನು ನಂಬಿರುತ್ತದೆ. ನೀರಿನ ದಾರಿ ಹರದಾರಿಯುದ್ದದ ನೆಲವನ್ನು ನಂಬಬೇಕು. ಆದುದರಿಂದ ಅದರ ಪರೀಕ್ಷೆ ಇನ್ನೂ ಕಠಿನ. ಅದಕ್ಕೆ ನಿದರ್ಶನವಾಗಿ ಬೀದರಕ್ಕೆ ಹೋಗೋಣ.

ಬೀದರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ. ದಖ್ಖನಿನ ಕರಿಗಲ್ಲಿನ ಮೇಲೆ ಕೆಂಪು ಜಂಬಿಟ್ಟಿಗೆಯ ದಪ್ಪವಾದ ಹೊದಿಕೆ ಇಲ್ಲಿದೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮಲಬಾರಿನ ಅಂಗಾಡಿಪುರದ ಬಳಿ ಅದನ್ನು ಕಂಡು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ವರ್ಣಿಸಿದನು. ನೆಲದೊಳಗಿರುವಾಗ ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕತ್ತರಿಸಬಹುದಾದಷ್ಟು ಮೃದು, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿ, ಇದು ಅವನ ಕಣ್ಣಿಗೆ ಬಿದ್ದ ಗುಣ. ಬೀದರದ ಜಂಬಿಟ್ಟಿಗೆಯನ್ನು 1840ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ವರ್ಣಿಸಿದ್ದಾನೆ. ಆದರೆ ಬುಕಾನನನಿಗೆ ಸುಮಾರು ನಾಲ್ಕು ಶತಮಾನಗಳ ಮೊದಲೇ ಬೀದರದ ಕೋಟೆಯ ಕಂದಕವನ್ನು ಇದೇ ಕಲ್ಲಿನಲ್ಲಿ ಕೊರೆದವರಿಗೆ ಆ ಗುಣ ಗೊತ್ತಿರಲಿಲ್ಲವೆಂದು ಹೇಳುವುದು ಹೇಗೆ?

15ನೆಯ ಶತಮಾನದ ಮೂರನೆಯ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ ಶಾಹನು ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದನು. ಎತ್ತರದ ನೆಲ, ತಂಪಾದ ಹವೆ, ಕೋಟೆಗೆ ತಕ್ಕ ಕಡಿದಾದ ಅಂಚು, ಎಲ್ಲವೂ ಇತ್ತು. ನದಿ ಮಾತ್ರ ಇರಲಿಲ್ಲ. ಮಾಂಜ್ರಾ ಹರಿಯುವುದು ದೂರದ ತಗ್ಗಿನಲ್ಲಿ. ಆದರೂ ಊರಿನ ಸುತ್ತ ಪ್ರಸ್ಥಭೂಮಿಯ ಇಳಿಜಾರುಗಳಲ್ಲಿ ಒಸರುಗಳು ಉಂಟು. ಪಾಪನಾಶದ ತೀರ್ಥ, ಸಿಖ್ಖರ ಶ್ರದ್ಧಾಸ್ಥಾನವಾದ ನಾನಕ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯಬೇಕಾದ ಝರಣಿ ನರಸಿಂಹನ ಗುಹೆ, ಇವನ್ನು ಬೀದರ ಕಂಡವರೆಲ್ಲ ಬಲ್ಲರು. ಮೂರು ಕ್ಷೇತ್ರಗಳ ಸ್ಥಳಪುರಾಣಗಳು ಬೇರೆ ಬೇರೆಯಾದರೂ ಭೂಮಿಯ ಕಥೆ ಒಂದೇ. ಮಳೆಯ ನೀರು ತೂತು ತೂತಾದ ಜಂಬಿಟ್ಟಿಗೆಯಲ್ಲಿ ಇಂಗಿ ಇಳಿಯುತ್ತದೆ; ಅದರ ತಳದಲ್ಲಿ ಜಿಗುಟಾದ ಜೇಡಿಯ ಪದರ, ಜೇಡಿಯ ಕೆಳಗೆ ಕರಿಗಲ್ಲು. ಜೇಡಿ ನೀರನ್ನು ಕೆಳಗೆ ಬಿಡುವುದಿಲ್ಲ. ತಡೆದ ನೀರು ಅಡ್ಡಲಾಗಿ ಸರಿದು, ಪ್ರಸ್ಥಭೂಮಿಯ ಅಂಚು ಕತ್ತರಿಸಿದ ಕಡೆಯಲ್ಲಿ ಹೊರಬರುತ್ತದೆ. ಕಲ್ಲು ಮುಗಿದು ಜೇಡಿ ಮೊದಲಾಗುವ ಮಟ್ಟ ಯಾವುದೆಂಬುದನ್ನು ಈ ಒಸರುಗಳು ಸಾವಿರಾರು ವರ್ಷಗಳಿಂದ ಹೇಳುತ್ತಲೇ ಇದ್ದವು. ಕೇಳುವವರು ಬೇಕಾಗಿತ್ತು.

ಕೇಳಿದವರು ಕರೇಜು ತೋಡಿದರು. ಕರೇಜು ಎಂಬುದು ಪರ್ಷಿಯನರಲ್ಲಿ ಬಹು ಪ್ರಾಚೀನವಾದ ಪದ್ಧತಿ; ಅಲ್ಲಿ ಅದಕ್ಕೆ ಕನಾತ್ ಎಂಬ ಹೆಸರೂ ಇದೆ. ಎತ್ತರದ ನೆಲದಲ್ಲಿ ಮೊದಲು ಒಂದು ತಾಯಿಬಾವಿಯನ್ನು ನೀರು ಸಿಕ್ಕುವವರೆಗೆ ಇಳಿಸುತ್ತಾರೆ. ನೀರು ನಿಲ್ಲುವುದೋ ಬತ್ತುವುದೋ ಎಂಬುದನ್ನು ಕಾದು ನೋಡುತ್ತಾರೆ. ಆ ನೀರಿನ ಮಟ್ಟದಿಂದ ಅತ್ಯಲ್ಪ ಇಳಿಜಾರು ಹಿಡಿದು ಹೋದರೆ ತಗ್ಗಿನಲ್ಲಿ ಯಾವ ಜಾಗಕ್ಕೆ ಬೆಳಕಿಗೆ ಬರುತ್ತೇವೆಂಬುದನ್ನು ಅಳೆದು, ಆ ಬಾಯಿಂದ ತಾಯಿಬಾವಿಯ ಕಡೆಗೆ ಸುರಂಗ ತೋಡುತ್ತ, ನಡುನಡುವೆ ಮೇಲಿನಿಂದ ಬಾವಿಗಳನ್ನು ಇಳಿಸುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆಯುತ್ತದೆ. ಕಡಮೆಯಾದರೆ ಹೂಳು ನಿಲ್ಲುತ್ತದೆ. 11ನೆಯ ಶತಮಾನದ ಆದಿಯಲ್ಲಿಯೇ ಕರಜೀ ಎಂಬ ಗಣಿತಜ್ಞನು ಅಡಗಿದ ನೀರನ್ನು ಹೊರತೆಗೆಯುವ ವಿದ್ಯೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದಿದ್ದನು.

ಈ ವಿದ್ಯೆ ಬೀದರಕ್ಕೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಅಹಮದ ಶಾಹನು ಕಿರ್ಮಾನ ಸೀಮೆಯ ಸಂತ ಶಾಹ ನಿಅಮತುಲ್ಲಾನ ಭಕ್ತ. ಆ ಸಂತನ ಮಗ ಖಲೀಲುಲ್ಲಾನ ಸಮಾಧಿ ಅಷ್ಟೂರಿನ ದಾರಿಯಲ್ಲಿ ಚೌಖಂಡಿಯೆಂಬ ಹೆಸರಿನಿಂದ ಇಂದಿಗೂ ನಿಂತಿದೆ. ಕಿರ್ಮಾನವಾದರೋ ಕನಾತುಗಳ ನಾಡು. ಇಷ್ಟನ್ನು ನೋಡಿ ಕೆಲವರು ಬೀದರದ ಕರೇಜನ್ನು ಸಂಪೂರ್ಣವಾಗಿ ಪರ್ಷಿಯದ ಕೊಡುಗೆಯೆಂದು ಬರೆಯುತ್ತಾರೆ. ನನಗೆ ಇದು ಅರ್ಧ ಸತ್ಯವೆಂದು ತೋರುತ್ತದೆ. ಕಿರ್ಮಾನದ ಕನಾತುಗಳು ಬೆಟ್ಟದ ಬುಡದಲ್ಲಿ ಹೊಳೆಗಳು ತಂದು ಹರಡಿದ ಮೆಕ್ಕಲಿನಲ್ಲಿ ತೋಡಿದವು. ಕುಸಿಯುವ ಕಡೆಯಲ್ಲಿ ಸುಟ್ಟ ಮಣ್ಣಿನ ಬಳೆಗಳನ್ನು ಒಳಗೆ ಇಡಬೇಕಾಗುತ್ತದೆ. ಅಂಥ ಮೆಕ್ಕಲು ಬೀದರದ ಗುಡ್ಡದ ಮೇಲಿಲ್ಲ. ಇಲ್ಲಿಯ ಜಂಬಿಟ್ಟಿಗೆ ಕಡಿಯುವಾಗ ಬಗ್ಗುತ್ತದೆ, ಕಡಿದ ಮೇಲೆ ತಾನೇ ಗೋಡೆಯಾಗಿ ನಿಲ್ಲುತ್ತದೆ. ಆದರೆ ಅದರ ತಳದ ಜೇಡಿ ಹಾಗಲ್ಲ. ನೀರು ತಾಗಿದರೆ ಉಬ್ಬಿ ಜಾರುತ್ತದೆ. ಸುರಂಗವನ್ನು ತುಸು ಮೇಲೆ ಹಿಡಿದರೆ ನೀರಿಲ್ಲ, ತುಸು ಕೆಳಗೆ ಹಿಡಿದರೆ ಗೋಡೆಯಿಲ್ಲ. ಈ ಎರಡರ ಸಂಧಿಯನ್ನು ಅರಿಯಲು ಪರದೇಶದ ವಿದ್ಯೆ ಸಾಲದು. ಈ ಕಲ್ಲಿನಲ್ಲಿ ಬಾವಿ ತೋಡಿ ಕೈ ಪಳಗಿದವರು ಬೇಕು. ಅವರು ಈ ನೆಲದ ಮಕ್ಕಳೇ ಆಗಿರಬೇಕು. ಇದಕ್ಕೆ ಲಿಖಿತ ಪ್ರಮಾಣ ನನ್ನ ಕೈಯಲ್ಲಿ ಇಲ್ಲ. ಕಲ್ಲಿನ ಪ್ರಮಾಣ ಇದೆ.

ಆ ಪ್ರಮಾಣವೆಂದರೆ ಬಾವಿಗಳ ಸಾಲು. ಬೀದರದ ಬಳಿಯ ನೌಬಾದಿನ ಕರೇಜು ಎರಡು ಕಿಲೋಮೀಟರಿಗೂ ಮೀರಿದ ಉದ್ದದ್ದು. ಇಪ್ಪತ್ತಕ್ಕೂ ಹೆಚ್ಚು ಬಾವಿಗಳು ಅದರ ಮೇಲೆ ಇವೆ. ಶುಕ್ಲತೀರ್ಥದ ಕಡೆ ಇನ್ನೊಂದು, ಊರೊಳಗೆ ಜಮ್ನಾ ಮೋರಿಯೆಂಬ ಮತ್ತೊಂದು ಇವೆ. ಈ ಬಾವಿಗಳಿಗೆ ಗಾಳಿಬಾವಿ, ಹೂಳೆತ್ತುವ ಬಾವಿ ಎಂದು ಎರಡು ಪ್ರಯೋಜನಗಳನ್ನು ಎಲ್ಲರೂ ಹೇಳುತ್ತಾರೆ. ಊರವರು ನೀರು ಸೇದಿಕೊಳ್ಳುತ್ತಿದ್ದುದು ಮೂರನೆಯದು. ನಾಲ್ಕನೆಯ ಪ್ರಯೋಜನವನ್ನು ಯಾರೂ ಹೇಳಿದಂತೆ ಕಾಣೆ. ಸುರಂಗ ಅಲ್ಲಿಗೆ ಬರುವ ಮುನ್ನ ನೆಲ ಹೇಗಿದೆಯೆಂದು ತಿಳಿಸಿದುದು ಆ ಬಾವಿಯೇ. ಕಲ್ಲು ಎಷ್ಟು ಮೊಳಕ್ಕೆ ಮುಗಿಯಿತು, ಜೇಡಿಯ ಬಣ್ಣವೇನು, ನೀರು ಯಾವ ಪಕ್ಕದಿಂದ ಒಸರಿತು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಬಾವಿಯೂ ಒಂದೊಂದು ಉತ್ತರ. ಇಂದಿನ ಭಾಷೆಯಲ್ಲಿ ಅವು ಪರೀಕ್ಷಾ ಗುಂಡಿಗಳು. ಪರೀಕ್ಷೆ ಮುಗಿದ ಮೇಲೆ ಮುಚ್ಚದೆ ಕೆಲಸಕ್ಕೆ ಹಚ್ಚಿದ ಗುಂಡಿಗಳು. ನೌಬಾದಿನ ಸಾಲನ್ನು ಈ ಶತಮಾನದ ಎರಡನೆಯ ದಶಕದಲ್ಲಿ ಭೂಗೋಳಶಾಸ್ತ್ರದ ಅಧ್ಯಾಪಕರಾದ ಕೇರಳದ ವಿ. ಗೋವಿಂದನ್‌ಕುಟ್ಟಿಯವರು ಅಳೆದು ನಕ್ಷೆ ಮಾಡಿದರು. ಜಂಬಿಟ್ಟಿಗೆಯಲ್ಲಿನ ಒಂದು ಬಿರುಕಿನ ರೇಖೆಯನ್ನು ಹಿಡಿದು ಈ ಸಾಲು ಹೋಗಿದೆಯೆಂಬುದು ಅವರ ಅಭಿಪ್ರಾಯ. ಬಿರುಕಿನಲ್ಲಿ ನೀರು ಹೆಚ್ಚಾಗಿ ಕೂಡುವುದು ಸಹಜ. ಆಕಾಶದಿಂದ ತೆಗೆದ ಚಿತ್ರಗಳಿಲ್ಲದ ಕಾಲದಲ್ಲಿ ಆ ರೇಖೆಯನ್ನು ಹಿಡಿದವರು ಒಂದೊಂದು ಬಾವಿಯನ್ನು ತೋಡಿ ಮುಂದಿನದನ್ನು ನಿಶ್ಚಯಿಸಿರಬೇಕಲ್ಲದೆ ಬೇರೆ ಉಪಾಯವಿರಲಿಲ್ಲ.

ಈಗ ಹೆಸರಿನ ಪ್ರಶ್ನೆ. ಬೀದರದ ವಾಯುವ್ಯಕ್ಕೆ ದೂರದಲ್ಲಿ, ತಪತಿಯ ದಂಡೆಯ ಬುರ್ಹಾನಪುರದಲ್ಲಿ ಕುಂಡಿ ಭಂಡಾರಾ ಎಂಬ ಇದೇ ಜಾತಿಯ ಸುರಂಗಮಾರ್ಗ ಇದೆ. ಮೊಗಲರ ಸೇನಾಪತಿಯೂ ಕವಿಯೂ ಆದ ಅಬ್ದುರ್ರಹೀಮ್ ಖಾನಖಾನಾನನ ಕಾಲದಲ್ಲಿ, 1615ರಲ್ಲಿ, ಅದು ಆಯಿತು. ಸಾತಪುಡಾ ಬೆಟ್ಟಗಳ ಬುಡದಿಂದ ನಗರದ ಕಡೆಗೆ ಸಾಗುವ ಅದರ ಮೇಲೆ ನೂರಕ್ಕೂ ಮಿಕ್ಕ ಕುಂಡಿಗಳಿವೆ. ಇದರ ಸ್ಥಳವನ್ನು ಗೊತ್ತುಪಡಿಸಿದವನು ತಬ್ಕುತುಲ್ ಅರ್ಜ್ ಎಂಬ ಪರ್ಷಿಯದ ಭೂವಿಜ್ಞಾನಿಯೆಂದು ಪ್ರವಾಸಿ ಕೈಪಿಡಿಗಳಿಂದ ಹಿಡಿದು ಜಲಚರಿತ್ರೆಯ ಲೇಖನಗಳವರೆಗೆ ಎಲ್ಲೆಡೆ ಬರೆದಿದೆ. ದಖ್ಖನಿನ ಇತಿಹಾಸದಲ್ಲಿ ನೆಲ ಓದಿದವನೊಬ್ಬನ ಹೆಸರು ಸಿಕ್ಕಿತೆಂದು ನಾನೂ ಮೊದಲು ಸಂತೋಷಪಟ್ಟೆ. ಆದರೆ ಉರ್ದು ಬಲ್ಲ ಓದುಗರು ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಲಿ. ತಬಕಾತ್ ಎಂದರೆ ಪದರಗಳು, ಅರ್ಜ್ ಎಂದರೆ ಭೂಮಿ. ಭೂವಿಜ್ಞಾನಕ್ಕೆ ಉರ್ದುವಿನಲ್ಲಿ ಇಲ್ಮ್-ಎ-ತಬಕಾತುಲ್-ಅರ್ಜ್ ಎಂದೇ ಹೆಸರು. ಭೂಮಿಯ ಪದರಗಳನ್ನು ಬಲ್ಲವನು ಎಂದು ಯಾವನೋ ಒಬ್ಬ ಉರ್ದು ಲೇಖಕನು ಬರೆದುದನ್ನು, ಭಾಷೆಯರಿಯದ ಇನ್ನೊಬ್ಬನು ವ್ಯಕ್ತಿಯ ಹೆಸರೆಂದು ತಿಳಿದು ಹಿಂದಿಗೋ ಇಂಗ್ಲಿಷಿಗೋ ಇಳಿಸಿರಬೇಕೆಂಬುದು ನನ್ನ ಊಹೆ. ಸಮಕಾಲೀನ ಪರ್ಷಿಯನ್ ಗ್ರಂಥವೊಂದರಿಂದ ಯಾರಾದರೂ ಆ ಹೆಸರನ್ನು ತೋರಿಸಿಕೊಟ್ಟರೆ ಊಹೆಯನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ಊಹೆ ನಿಜವಾದರೆ ನಮಗೆ ಉಳಿದಿರುವುದು ಮನುಷ್ಯನ ಹೆಸರಲ್ಲ, ಅವನ ಕಸುಬಿನ ಹೆಸರು.

ಇನ್ನು ಬಿಜಾಪುರ, 2014ರಿಂದ ಅದು ಅಧಿಕೃತವಾಗಿ ವಿಜಯಪುರ. ಇಲ್ಲಿ ಸುರಂಗದ ಜೊತೆಗೆ ನಿಜವಾದ ಕೊಳವೆಯೂ ಬರುತ್ತದೆ. ನಗರದ ಪಶ್ಚಿಮಕ್ಕೆ ಸುಮಾರು ನಾಲ್ಕು ಮೈಲಿಯ ತೊರವಿಯಿಂದ ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, ಎಂದರೆ 1557ರಿಂದ 1580ರ ಒಳಗೆ, ನೀರು ತಂದರು. ದಕ್ಷಿಣದ ಬೇಗಂ ತಲಾಬು ಮುಹಮ್ಮದ ಆದಿಲಶಾಹನ ಕಾಲದಲ್ಲಿ 1651ರಲ್ಲಿ ಆಯಿತು. ಹೆನ್ರಿ ಕಸಿನ್ಸ್ ಎಂಬ ಪುರಾತತ್ತ್ವಜ್ಞನು 1916ರಲ್ಲಿ ಪ್ರಕಟಿಸಿದ ಬಿಜಾಪುರದ ಸಂಪುಟದಲ್ಲಿ ಈ ನಗರದ ನೀರಿನ ಏರ್ಪಾಟನ್ನೂ ವಿವರಿಸಿದ್ದಾನೆ. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿ ಇನ್ನೊಂದರೊಳಗೆ ಕೂಡುವಂತೆ ಜೋಡಿಸಿ, ಸುತ್ತಲೂ ಗಾರೆ ಕಲ್ಲಿನ ದಪ್ಪ ಕವಚ ಕಟ್ಟಿ ನೆಲದಲ್ಲಿ ಹೂಳಿದ್ದಾರೆ. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಎತ್ತರವಾದ ಚೌಕ ಗೋಪುರಗಳು. ನೀರು ಅಲ್ಲಿ ಏರಿ ಒತ್ತಡವನ್ನು ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು.

ಗೋಪುರಗಳನ್ನು ಎಲ್ಲರೂ ಹೊಗಳಿದ್ದಾರೆ. ನನ್ನ ಗಮನ ಕವಚದ ಮೇಲೆ. ಮಣ್ಣಿನ ಕೊಳವೆ ಒತ್ತಡ ತಾಳಲಾರದು, ಅದಕ್ಕೆ ಕವಚ ಬೇಕಾಯಿತು ಎಂಬ ಸಮಾಧಾನ ಸರಿಯಾದುದೇ. ಆದರೆ ಬಿಜಾಪುರದ ಸೀಮೆ ಎರೆಯ ಸೀಮೆ. ಮುಂಗಾರಿನಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಅಗಲವಾಗಿ ಬಿರಿಯುತ್ತದೆ. ಅದರಲ್ಲಿ ಹೂಳಿದ ವಸ್ತುವನ್ನು ಅದು ವರ್ಷಕ್ಕೊಮ್ಮೆ ಎತ್ತಿ ವರ್ಷಕ್ಕೊಮ್ಮೆ ಇಳಿಸುತ್ತದೆ. ಬರಿಯ ಮಣ್ಣಿನ ಕೊಳವೆಯ ಸಂದುಗಳು ಇದನ್ನು ಎರಡು ಮಳೆಗಾಲವೂ ತಾಳಲಾರವು. ತೊರವಿಯ ದಾರಿಯ ಸುರಂಗದ ಭಾಗವನ್ನು ಎರೆಯನ್ನು ದಾಟಿಸಿ ಗರಸು ಕಲ್ಲುಗಳೊಳಗೇ ಇಳಿಸಿರುವುದನ್ನೂ, ಕೊಳವೆಯ ಭಾಗಕ್ಕೆ ಇಷ್ಟು ಭಾರದ ಕವಚ ಕೊಟ್ಟಿರುವುದನ್ನೂ ಒಟ್ಟಿಗಿಟ್ಟು ನೋಡಿದರೆ, ಕಟ್ಟಿದವರು ಒತ್ತಡದ ಲೆಕ್ಕದ ಜೊತೆಗೆ ಎರೆಯ ಸ್ವಭಾವವನ್ನೂ ಕಂಡಿದ್ದರೆಂದು ತೋರುತ್ತದೆ. ಬೇಸಿಗೆಯ ಹೊಲದಲ್ಲಿ ಒಮ್ಮೆ ನಡೆದವನಿಗೂ ತಿಳಿಯುವ ವಿಷಯವಿದು.

ಇವೆಲ್ಲ ರಾಜಧಾನಿಗಳ ಮಾತಾಯಿತು. ಅರಸರ ಬೊಕ್ಕಸವಿಲ್ಲದೆ ಒಬ್ಬೊಬ್ಬ ರೈತನೇ ನೆಲವನ್ನು ಪರೀಕ್ಷಿಸಿ ನೀರು ತಂದ ಸೀಮೆಯೂ ನಮ್ಮಲ್ಲಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ಸಾವಿರಾರು ಸುರಂಗಗಳಿವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ. ಗುಡ್ಡದ ಬದಿಯಿಂದ ನೇರ ಒಳಕ್ಕೆ ದಾರಿ. ಒಸರಿದ ನೀರು ಸುರಂಗದ ತಳದಲ್ಲಿ ಹರಿದು ಬಾಯಿಗೆ ಬಂದು, ಅಲ್ಲಿಂದ ಸೀಳಿದ ಅಡಿಕೆಮರದ ದಂಬೆಯ ಮೇಲೆ ಮನೆಯ ಕೊಳಕ್ಕೆ ಇಳಿಯುತ್ತದೆ. ಹಳ್ಳಿಯ ನೀರಿನ ಕೊಳವೆಗೆ ಇದಕ್ಕಿಂತ ಸರಳವಾದ ರೂಪ ಇರಲಾರದು. ಎಲ್ಲಿ ತೋಡಬೇಕೆಂಬುದನ್ನು ಹುತ್ತ ನೋಡಿ, ಬೇಸಿಗೆಯಲ್ಲಿಯೂ ಹಸಿರಾದ ಮರ ನೋಡಿ ನಿಶ್ಚಯಿಸುವುದು ರೂಢಿ. ವರಾಹಮಿಹಿರನ ಅಧ್ಯಾಯ ಅಲ್ಲಿ ಇನ್ನೂ ಬದುಕಿದೆಯೆಂದರೆ ಅತಿಶಯೋಕ್ತಿಯಲ್ಲ. ಆದರೆ ಗುರುತುಗಳು ತಪ್ಪುವುದೂ ಉಂಟು. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಕೂಲಿ ಮುಗಿಸಿ ಬಂದು ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ತೋಡಿದ ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ವರ್ಷಗಳ ದುಡಿಮೆ ಒಣಗಿಹೋಯಿತು. ಆಮೇಲೆ ತೋಡಿದುದರಲ್ಲಿ ನೀರು ಬಂದಿತು, ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದುದನ್ನು ಓದುಗರು ಬಲ್ಲರು. ಪತ್ರಿಕೆಗಳು ನೀರು ಬಂದ ಸುರಂಗದ ಚಿತ್ರವನ್ನು ಅಚ್ಚು ಮಾಡಿದವು. ಚರಿತ್ರಕಾರನಿಗೆ ಬರದ ಸುರಂಗಗಳೂ ಅಷ್ಟೇ ಮುಖ್ಯ. ನೆಲದ ಪರೀಕ್ಷೆಯ ಖರ್ಚನ್ನು ಅವರು ತಮ್ಮ ಮೈಯಿಂದ ತೆತ್ತದ್ದು ಅಲ್ಲಿ.

ಕಬ್ಬಿಣದ ಕೊಳವೆಯೂ ಉಗಿಯ ಪಂಪೂ ಬಂದ ಮೇಲೆ ನೋಟ ಬದಲಾಯಿತು. ಕರೇಜಿನ ನೀರು ನೆಲದ ಇಳಿಜಾರಿಗೆ ವಿಧೇಯವಾಗಿರಬೇಕಾಗಿತ್ತು. ಪಂಪಿನ ನೀರು ಗುಡ್ಡ ಹತ್ತಬಲ್ಲುದು. ನೆಲ ಹೇಗಿದ್ದರೇನು ಎಂಬ ಧೈರ್ಯ ಹುಟ್ಟಿತು. ಆ ಧೈರ್ಯಕ್ಕೆ ಬಿದ್ದ ದೊಡ್ಡ ಪೆಟ್ಟುಗಳಲ್ಲಿ ಒಂದು ದೂರದ ಪಶ್ಚಿಮ ಆಸ್ಟ್ರೇಲಿಯದ್ದು. ಅಲ್ಲಿ ಚಿನ್ನದ ಗಣಿಗಳ ಒಣ ಸೀಮೆಗೆ 500 ಕಿಲೋಮೀಟರಿಗೂ ಮಿಗಿಲಾದ ಉಕ್ಕಿನ ಕೊಳವೆ 1903ರ ಜನವರಿಯಲ್ಲಿ ನೀರು ಮುಟ್ಟಿಸಿತು. ಅದನ್ನು ಯೋಜಿಸಿದ ಓ’ಕಾನರ್ ಎಂಬ ಇಂಜಿನಿಯರನು ಹಿಂದಿನ ವರ್ಷವೇ ಟೀಕೆಯ ಭಾರ ತಾಳಲಾರದೆ ಪ್ರಾಣ ಕಳೆದುಕೊಂಡಿದ್ದನು. ನೀರು ಬರುವುದಿಲ್ಲವೆಂದು ಟೀಕಾಕಾರರು ಹೇಳಿದ್ದರು, ಬಂದಿತು. ಅವರಾರೂ ಹೇಳದೆ ಇದ್ದುದು ಆಮೇಲೆ ನಡೆಯಿತು. ನೆಲದಲ್ಲಿ ಹೂಳಿದ ಕೊಳವೆಯನ್ನು ಆ ಸೀಮೆಯ ಉಪ್ಪುಮಣ್ಣು ಹೊರಗಿನಿಂದ ತಿನ್ನತೊಡಗಿತು. 1930ರ ದಶಕದಲ್ಲಿ ಕೊಳವೆಗಳನ್ನು ಅಗೆದು ತೆಗೆದು ನೆಲದ ಮೇಲೆ ಇಡಬೇಕಾಯಿತು. ಪೋರುಮಾಮಿಳ್ಳದ ಶಾಸನ ಚವುಳು ಮಣ್ಣನ್ನು ದೋಷವೆಂದು ಎಣಿಸಿದುದನ್ನು ಇಲ್ಲಿ ನೆನೆಯಬಹುದು.

ಇಂದಿನ ಪರೀಕ್ಷೆ ಹೇಗೆ ನಡೆಯುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೊಳವೆಯ ದಾರಿಯಲ್ಲಿ ಕಾಲುವೆಯ ತಳಕ್ಕಿಂತ ತುಸು ಕೆಳಗಿನವರೆಗೆ ಗುಂಡಿ. ಎತ್ತರದ ಜಲಸಂಗ್ರಹಾಗಾರ ನಿಲ್ಲುವ ಜಾಗದಲ್ಲಿ ಬೋರು. ಬೋರಿನೊಳಗೆ 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಮಾದರಿ ತೆಗೆಯುವ ನಳಿಗೆ 45 ಸೆಂಟಿಮೀಟರ್ ಇಳಿಯುವಾಗ ಕೊನೆಯ 30 ಸೆಂಟಿಮೀಟರಿಗೆ ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಆ ಸಂಖ್ಯೆಯೇ ನೆಲದ ಗಟ್ಟಿತನದ ಅಳತೆ. ಎರೆಮಣ್ಣಿಗೆ ಇನ್ನೊಂದು ಪರೀಕ್ಷೆಯಿದೆ, ಅಡುಗೆಮನೆಯಲ್ಲಿಯೂ ಮಾಡಿ ನೋಡಬಹುದಾದಷ್ಟು ಸರಳ. ಒಣಗಿಸಿ ಜರಡಿಯಾಡಿದ ಮಣ್ಣನ್ನು ಎರಡು ಗಾಜಿನ ನಳಿಗೆಗಳಲ್ಲಿ ಸಮನಾಗಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದು ಹಗಲು ಒಂದು ರಾತ್ರಿ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಉಬ್ಬಿತೆಂಬುದನ್ನು ಅದರೊಡನೆ ಹೋಲಿಸಿದರೆ ಮಣ್ಣಿನ ಗುಟ್ಟು ಹೊರಬೀಳುತ್ತದೆ. ಎರೆಯ ಈ ಉಪದ್ರವಕ್ಕೆ ಪರಿಹಾರ ಹುಡುಕಿದವರಲ್ಲಿ ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರ ಹೆಸರು ಅಗ್ರಗಣ್ಯ. ಉಬ್ಬುವ ಮಣ್ಣಿನ ಮೇಲೆ, ಉಬ್ಬದೆ ಇದ್ದರೂ ಅಂಟುಗುಣವುಳ್ಳ ಬೇರೆ ಮಣ್ಣಿನ ಪದರವನ್ನು ಹಾಸಿ ಬಿಗಿದರೆ ಕೆಳಗಿನದು ತೆಪ್ಪಗಿರುತ್ತದೆಂದು ಅವರು ತೋರಿಸಿದರು. ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಅದು ಬಳಕೆಗೆ ಬಂದಿತು. ನಮ್ಮ ಮುಂಬಯಿಯ ಪ್ರಯೋಗಶಾಲೆಯೊಂದರ ವಿಚಾರ ಸವದತ್ತಿ ನರಗುಂದಗಳ ಕಡೆಯ ಎರೆಹೊಲಗಳಿಗೆ ಉಪಯೋಗವಾದುದು ಇಲ್ಲಿಯ ಕನ್ನಡಿಗರು ನೆನಪಿಡತಕ್ಕ ಸಂಗತಿ.

ಶಾಸ್ತ್ರ ಇಷ್ಟು ಬೆಳೆದಿದ್ದರೂ ಹಳ್ಳಿಯ ಕೊಳವೆಗೆ ಅದು ಎಷ್ಟರಮಟ್ಟಿಗೆ ಮುಟ್ಟುತ್ತದೆ? ಪ್ರತಿಯೊಂದು ಗ್ರಾಮೀಣ ಮನೆಗೂ 2024ರೊಳಗೆ ನಲ್ಲಿ ಎಂಬ ಗುರಿಯಿಂದ 2019ರಲ್ಲಿ ಕೇಂದ್ರ ಸರಕಾರ ಜಲಜೀವನ ಯೋಜನೆಯನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ಅವಧಿಯನ್ನು 2028ರವರೆಗೆ ವಿಸ್ತರಿಸಿತು. ಅವಸರದ ಕೆಲಸದಲ್ಲಿ ಮೊದಲು ಮೊಟಕಾಗುವುದು ಕಣ್ಣಿಗೆ ಕಾಣದ ಭಾಗ. ಕೆಲವು ವರ್ಷಗಳ ಹಿಂದೆ ಒಂದು ಬಹುಗ್ರಾಮ ಯೋಜನೆಯ ಕಡತವನ್ನು ನೋಡುವ ಅವಕಾಶ ನನಗೆ ಒದಗಿತ್ತು. ಊರಿನ ಹೆಸರು ಅನವಶ್ಯಕ. ಹನ್ನೊಂದು ಪರೀಕ್ಷಾ ಗುಂಡಿಗಳ ವರ್ಣನೆ ಅದರಲ್ಲಿತ್ತು. ಹನ್ನೊಂದರಲ್ಲಿಯೂ ಮಣ್ಣಿನ ಬಣ್ಣ, ಗರಸಿನ ಆಳ, ಕೊನೆಗೆ ಕಾಗುಣಿತದ ತಪ್ಪು ಕೂಡ ಒಂದೇ. ಆ ದಾರಿಯಲ್ಲಿ ಒಂದು ಹಳ್ಳವಿದೆ, ಒಂದು ಮಡ್ಡಿಯಿದೆ, ಎರಡು ಮೈಲಿ ಎರೆಹೊಲವಿದೆ. ಅಗೆತಕ್ಕೆ ಮೆತ್ತನೆಯ ಮಣ್ಣಿಗೊಂದು ದರ, ಗಟ್ಟಿ ಗರಸಿಗೊಂದು, ಬಂಡೆಗೊಂದು ದರವಿರುವುದರಿಂದ, ತೋಡದ ಗುಂಡಿಯ ಲೆಕ್ಕ ಕೊನೆಗೆ ಹಣದ ಜಗಳವಾಗಿ ಮುಟ್ಟಿತೆಂದು ಆಮೇಲೆ ಕೇಳಿದೆ. ಎರೆಹೊಲದ ಎರಡು ಮೈಲಿಯಲ್ಲಿ ಮೊದಲನೆಯ ಬೇಸಿಗೆಗೇ ಸಂದುಗಳು ಬಿಟ್ಟವು. ಕೊನೆಯ ಎರಡು ಹಳ್ಳಿಗಳ ಹೆಂಗಸರು ಕೊಡ ಹೊತ್ತು ಹಳೆಯ ಬಾವಿಗೆ ಮರಳಿದರು.

ಬೀದರದ ಬಾವಿಗಳ ಸ್ಥಿತಿಯೂ ಸಂತೋಷಕರವೇನಲ್ಲ. ನೌಬಾದಿನ ಸಾಲಿನಲ್ಲಿ ಕೆಲವನ್ನು ಹೂಳೆತ್ತಿ ಶುದ್ಧ ಮಾಡಿದ್ದಾರೆ, ಅದು ಶ್ಲಾಘನೀಯ. ಆದರೆ ಊರು ಬೆಳೆದಂತೆಲ್ಲ ಇಂಥ ಬಾವಿಗಳ ಬಾಯಿ ಕಸ ಹಾಕಲು ಅನುಕೂಲವಾದ ಗುಂಡಿಯಾಗಿ ಕಾಣುವುದು ಎಲ್ಲ ಕಡೆಯ ಅನುಭವ. ಒಂದು ಬಾವಿ ಮುಚ್ಚಿದರೆ ಗಾಳಿಯೂ ನೀರೂ ನಿಲ್ಲುತ್ತವೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದರೊಡನೆ ಆ ಜಾಗದ ನೆಲವನ್ನು ಕುರಿತು ಆರುನೂರು ವರ್ಷಗಳ ಹಿಂದೆ ಒಬ್ಬನು ತೋಡಿ ಕಂಡ ಉತ್ತರವೂ ಮುಚ್ಚಿಹೋಗುತ್ತದೆ.

ಕೊನೆಯಲ್ಲಿ ಒಂದು ವಿಜ್ಞಾಪನೆ. ನಮ್ಮ ಓದುಗರಲ್ಲಿ ಬೀದರ, ಬಿಜಾಪುರ, ಬಾಗಲಕೋಟೆ, ಧಾರವಾಡ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬಂದು ಇಲ್ಲಿ ನೆಲೆಸಿದವರು ಬಹುಮಂದಿ. ರಜೆಯಲ್ಲಿ ಊರಿಗೆ ಹೋದಾಗ ಬಾವಿ ತೋಡಿದ ಹಿರಿಯರು ಬದುಕಿದ್ದರೆ ಅವರನ್ನು ಕಂಡು, ಎಷ್ಟು ಮೊಳಕ್ಕೆ ಯಾವ ಮಣ್ಣು ಬಂದಿತು, ಅದನ್ನು ಅವರು ಯಾವ ಹೆಸರಿನಿಂದ ಕರೆಯುತ್ತಾರೆ, ನೀರು ಯಾವ ಕಲ್ಲಿನಡಿ ಸಿಕ್ಕಿತು ಎಂಬಿಷ್ಟನ್ನು ಕೇಳಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕೆಂದು ಕೋರುತ್ತೇನೆ. ಮಣ್ಣಿನ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆಯಬೇಕು, ತಿದ್ದಬಾರದು. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಬರೆಯಬೇಕು.